ಊರು ಬಿಟ್ಟು ಬಂದವರ ಜೊತೆ ಕೂತು ಮಾತಾಡೋದು: ನನ್ನ ಅನುಭವ

ನಾನು ಕಾರವಾರದಲ್ಲಿ ಕೌನ್ಸೆಲರ್ ಕೆಲಸ ಮಾಡೋಳು. ಕೈಗಾ ಅಣುವಿದ್ಯುತ್ ಸ್ಥಾವರ ಇಲ್ಲೇ ಹತ್ರ ಇರೋದ್ರಿಂದ ಎಲ್ಲಿ ಹೋದ್ರೂ ಒಬ್ರಾದ್ರೂ ಕೇಳೇ ಕೇಳ್ತಾರೆ, ನಾಳೆ ಏನಾದ್ರೂ ಹೆಚ್ಚುಕಮ್ಮಿ ಆಗಿ ಊರು ಖಾಲಿ ಮಾಡಿಸಿದ್ರೆ ಜನರ ಮನಸ್ಸು ನೋಡ್ಕೊಳ್ಳೋರು ಯಾರು ಅಂತ. ಅಂಥ ಅಪಘಾತ ನಾನು ಕಂಡಿಲ್ಲ, ಕಾಣೋದೂ ಬೇಡ. ಆದ್ರೆ 2019 ಮತ್ತೆ 2021ರ ಕಾಳಿ ನೆರೆಯಲ್ಲಿ ಹೊಳೆ ದಂಡೆಯವರನ್ನ ಕಾಳಜಿ ಕೇಂದ್ರಕ್ಕೆ ತಂದಿದ್ರಲ್ಲ, ಅಲ್ಲಿ ಕೆಲಸ ಮಾಡಿದೀನಿ, ನೌಕಾನೆಲೆ ಯೋಜನೆ ಸೀಬರ್ಡ್‌ಗೆ ಜಾಗ ಬಿಟ್ಟು ಬಂದ ಮನೆಗಳ ಜೊತೆಗೂ ಎಷ್ಟೋ ವರ್ಷದ ಒಡನಾಟ ಇದೆ, ಆಗೆಲ್ಲ ನನಗೆ ಕೈಹಿಡಿದಿದ್ದು ಜಪಾನಿನ ಫುಕುಶಿಮಾ ಅಣುಸ್ಥಾವರದ ಅಪಘಾತದ ಬಗ್ಗೆ ಓದ್ಕೊಂಡಿದ್ದು.

ಅಲ್ಲಿ 2011ರ ಮಾರ್ಚ್ 11ರ ಸುನಾಮಿಗೆ ಸ್ಥಾವರ ಕೆಟ್ಟು ವಿಕಿರಣ ಸೋರಿದ್ಮೇಲೆ ಅದರ ಸುತ್ತ 20 ಕಿಲೋಮೀಟರ್ ಖಾಲಿ ಮಾಡಿಸಿದ್ರು, ಒಟ್ಟು ಸುಮಾರು 1.6 ಲಕ್ಷ ಜನ ಮನೆ ಬಿಟ್ರು. ಫುಕುಶಿಮಾ ಪ್ರಾಂತ್ಯದಲ್ಲಿ ಸುನಾಮಿ, ಭೂಕಂಪಕ್ಕೆ ನೇರವಾಗಿ ಸಿಕ್ಕಿ ಸತ್ತವರು ಸುಮಾರು 1,600, ಆಮೇಲೆ ಸ್ಥಳಾಂತರದ ಅಲೆದಾಟ, ಔಷಧ ತಪ್ಪಿದ್ದು, ಕೊರಗು, ಆತ್ಮಹತ್ಯೆ ಅಂತ ಸತ್ತವರು 2,300ಕ್ಕೂ ಹೆಚ್ಚು. ಆಸ್ಪತ್ರೆಯಲ್ಲಿ ಹಾಸಿಗೆ ಹಿಡಿದಿದ್ದ ಮುದುಕರನ್ನ ಬಸ್ಸಲ್ಲಿ ಕೂರಿಸಿ ಗಂಟೆಗಟ್ಟಲೆ ಸುತ್ತಿಸಿ ದಾರಿಯಲ್ಲೇ ಕಳ್ಕೊಂಡ್ರು, ಇದನ್ನ ಓದಿದ ದಿನ ನನಗೆ ಊಟ ಸೇರ್ಲಿಲ್ಲ. ಮೊದಲನೇ ವರ್ಷದ ಸರ್ವೇಯಲ್ಲಿ ಊರು ಬಿಟ್ಟ ದೊಡ್ಡವರಲ್ಲಿ 14.6% ಜನಕ್ಕೆ ತೀವ್ರ ಮಾನಸಿಕ ಒತ್ತಡ ಕಂಡಿತ್ತು, ಜಪಾನಿನಲ್ಲಿ ಸಾಮಾನ್ಯವಾಗಿ ಅದು 3% ಆಸುಪಾಸು.

ಹಾಗಾಗಿ ಕಾಳಜಿ ಕೇಂದ್ರಕ್ಕೆ ಹೋದ ಕೂಡ್ಲೇ ನಾನು ನೋಡೋದು ಯಾರ ಪಕ್ಕ ಯಾರು ಮಲಗಿದಾರೆ ಅಂತ. ಒಂದು ಕೇರಿಯವರು ಒಂದೇ ಕೋಣೇಲಿ ಇರ್ಬೇಕು, ಇದಕ್ಕೆ ಹಟ ಹಿಡೀತೀನಿ. ಆಮೇಲೆ ಮಾತ್ರೆ: ಬಿಪಿ, ಶುಗರ್, ಫಿಟ್ಸ್, ಮಾನಸಿಕ ಕಾಯಿಲೆಯ ಮಾತ್ರೆ ಯಾರ್‍ಯಾರದ್ದು ಮನೇಲೇ ಉಳೀತು ಅಂತ ಬರ್ಕೊಂಡು ಅವತ್ತೇ ತರಿಸೋದು, ಯಾಕಂದ್ರೆ ಮಾನಸಿಕ ಕಾಯಿಲೆಯ ಮಾತ್ರೆ ತಗೊಳ್ಳೋರು ನಾಚಿಕೆಗೆ ಬಾಯೇ ಬಿಡಲ್ಲ, ಪಕ್ಕಕ್ಕೆ ಕರ್ದು ಕೇಳ್ಬೇಕು.

"ಹೇಗನಿಸ್ತಿದೆ" ಅಂತ ಮಾತ್ರ ಕೇಳಲ್ಲ. ಒಬ್ಬ ಅಜ್ಜಿ ಬಂದಾಗಿಂದ ಗೋಡೆಗೆ ಒರಗಿ ಕೂತೋಳು ತಟ್ಟೆ ಮುಟ್ತಾನೇ ಇರ್ಲಿಲ್ಲ. ಪಕ್ಕ ಕೂತು ಕೊಟ್ಟಿಗೇಲಿ ಏನೇನಿದೆ ಅಂದೆ. "ಎರಡು ದನ ಅಕ್ಕೋರೆ, ಒಂದು ಗಬ್ಬದ್ದು, ಹಗ್ಗ ಬಿಚ್ಚಿ ಬಂದ್ನೋ ಇಲ್ವೋ ಅಂತ್ಲೇ ನೆನಪಾಗ್ತಿಲ್ಲ" ಅಂದ್ಳು, ಹೇಳ್ತಾ ಕೈ ನಡುಗ್ತಿತ್ತು. ದೋಣಿ ತಂಡದಲ್ಲಿದ್ದ ಅವಳ ಕೇರಿ ಹುಡುಗಂಗೆ ಫೋನ್ ಹಚ್ಚಿದ್ವಿ, ಅವ ಹುಡುಕಿ ನೋಡಿ ವಾಪಸ್ ಮಾಡ್ದ, ಎರಡೂ ಮೇಲಿನ ಬೇಣದಲ್ಲಿ ನಿಂತಿದಾವೆ ಅಜ್ಜಿ ಅಂತ ಸ್ಪೀಕರಲ್ಲಿ ಅವನ ಬಾಯಿಂದ್ಲೇ ಕೇಳ್ಸಿದೆ. ಅವತ್ತು ರಾತ್ರಿ ಗಂಜಿ ಉಂಡ್ಳು. ಫುಕುಶಿಮಾದ ಎಷ್ಟೋ ರೈತರಿಗೆ ಈ ಭಾಗ್ಯ ಸಿಗ್ಲಿಲ್ಲ, ಕಟ್ಟಿದ್ದ ದನ ಕಟ್ಟಿದಲ್ಲೇ ಹಸಿದು ಸತ್ವು, ಆ ಪಾಪಪ್ರಜ್ಞೆ ಯಾವ ಪರಿಹಾರದ ದುಡ್ಡಿಗೆ ಹೋಗತ್ತೆ ಹೇಳಿ?

ವಿಕಿರಣದ ಭಯ ನೆರೆ ಥರ ಅಲ್ಲ, ನೀರು ಇಳಿಯೋದು ಕಣ್ಣಿಗೆ ಕಾಣತ್ತೆ, ಇದು ಕಾಣಲ್ಲ. ಕೈಗಾ ಹತ್ರದ ಮಲ್ಲಾಪುರ ಕಡೆ ಹೋದಾಗ ಕ್ಯಾನ್ಸರ್ ಮಾತು ಬಂದ್ರೆ ನಾನು "ಏನೂ ಆಗಲ್ಲ ಸುಮ್ನಿರಿ" ಅನ್ನಲ್ಲ, ಹಾಗಂದ್ರೆ ಮುಂದೆ ನನ್ನ ಮಾತು ಯಾರೂ ನಂಬಲ್ಲ. ಡಾಕ್ಟರನ್ನ ಕರ್ಕೊಂಡು ಹೋಗ್ತೀನಿ, ಪ್ರಶ್ನೆ ಪೂರ್ತಿ ಕೇಳ್ಲಿಕ್ಕೆ ಬಿಡ್ತೀನಿ. ಫುಕುಶಿಮಾದಲ್ಲಿ ಮಕ್ಕಳಿಗೆ ಮೈಗೆ ಎಷ್ಟು ವಿಕಿರಣ ತಾಗಿದೆ ಅಂತ ಅಳೆಯೋ ಬ್ಯಾಡ್ಜ್ ಕೊಟ್ಟಿದ್ರು, ತಮ್ಮ ಮಗುವಿನದೇ ಲೆಕ್ಕ ಕೈಯಲ್ಲಿದ್ರೆ ತಾಯಂದ್ರು ಡಾಕ್ಟರ್ ಹತ್ರ ಏನು ಕೇಳ್ಬೇಕೋ ಅದನ್ನ ಕೇಳ್ಬಹುದು. ಊರು ಬಿಟ್ಟು ಬೇರೆ ಕಡೆ ಶಾಲೆಗೆ ಸೇರಿದ ಮಕ್ಕಳನ್ನ ಅಲ್ಲಿ ಕೀಟಲೆ ಮಾಡಿ ಗೋಳು ಹೊಯ್ಕೊಂಡಿದ್ದೂ ಇದೆ, ಅದಕ್ಕೇ ಶಾಲೆಯವರ ಹತ್ರ ಮೊದ್ಲೇ ಮಾತಾಡ್ಬೇಕು ಅಂತೀನಿ.

ಗಂಡಸರು ನನ್ನ ಹತ್ರ ಬರಲ್ಲ. ಸಮುದ್ರ ಬಿಟ್ಟು ಬಂದ ಮೀನುಗಾರರು ಪರಿಹಾರದ ಫೈಲು ಹಿಡ್ಕೊಂಡು ಕಚೇರಿ ಸುತ್ತಿ ಸುತ್ತಿ ಕುಡಿತಕ್ಕೆ ಬಿದ್ದಿದ್ದು ಕಂಡಿದೀನಿ. ಬಲೆ ರಿಪೇರಿ ಮಾಡೋ ಜಾಗಕ್ಕೆ ನಾನೇ ಹೋಗಿ ಕೂತ್ಕೊಳ್ತೀನಿ, ಕೈಗೆ ಕೆಲಸ ಇದ್ದಾಗ ಬಾಯಿ ತಾನಾಗಿ ಬಿಚ್ಚತ್ತೆ. ರಾತ್ರಿ ನಿದ್ದೆ ಬರದವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರ್ ಫೋನಲ್ಲಿ ಸೇವ್ ಮಾಡಿ ಕೊಟ್ಟು ಬರ್ತೀನಿ, ದುಡ್ಡು ಕೊಡ್ಬೇಕಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ.

ಕೈಗಾ ಸುತ್ತಿನ ತುರ್ತು ಯೋಜನೆಯಲ್ಲಿ ಬಸ್ಸು, ವಿಕಿರಣದಿಂದ ಥೈರಾಯ್ಡ್ ಕಾಪಾಡೋ ಅಯೋಡಿನ್ ಮಾತ್ರೆ ಎಲ್ಲ ಇದೆ, ಇರ್ಲೇಬೇಕು. ಅದ್ರ ಜೊತೆ ಕೇರಿ ಪ್ರಕಾರ ಒಂದು ಪಟ್ಟಿ ಇರ್ಲಿ ಅಂತ ನಾನು ಸಿಕ್ಕವರಿಗೆಲ್ಲ ಹೇಳ್ತಾ ಇದೀನಿ: ಹಾಸಿಗೆ ಹಿಡಿದವರು ಯಾರು, ಅವರ ಜೊತೆ ಹತ್ತೋರು ಯಾರು, ಯಾವ ಮಾತ್ರೆ, ದನ ಎಷ್ಟು. ಆಶಾ ಅಕ್ಕಂದಿರ ಪುಸ್ತಕದಲ್ಲಿ ಇದು ಅರ್ಧ ಆಗ್ಲೇ ಇದೆ, ಉಳಿದರ್ಧ ಈ ಮಳೆಗಾಲದೊಳಗೆ ಬರೆಸೋ ಕೆಲಸಕ್ಕೆ ಹೊಳೆ ದಂಡೆಯ ಊರುಗಳಿಂದ್ಲೇ ಕೈ ಹಾಕಿದೀವಿ.