ಲಿಸ್ಟಲ್ಲಿ ಯಾವ ಸಾಲು ಒತ್ತಿದ್ರು ಅಂತ ಆಪ್‌ಗೆ ಗೊತ್ತಾಗೋದು ಹೆಂಗೆ?

ಶಿವಮೊಗ್ಗ ಅಡಿಕೆ ಮಾರ್ಕೆಟ್ ರೇಟು ತೋರಿಸೋ ಸಣ್ಣ ಆಂಡ್ರಾಯ್ಡ್ ಆಪ್ ಮಾಡ್ತಿದೀರಿ ಅಂತ ಇಟ್ಕೊಳ್ಳಿ, ಲಿಸ್ಟಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ಅಡಿಕೆಯ ನಾಲ್ಕು ಬಗೆಗೆ ನಾಲ್ಕು ಸಾಲು. ರಾಶಿ ಒತ್ತಿದವ್ರಿಗೆ ಗೊರಬಲು ರೇಟು ಬಂತೋ, ಆಪ್ ಅವತ್ತೇ ಡಿಲೀಟ್.

ಲಿಸ್ಟ್ ತೋರಿಸೋ ಹಳೇ ಲಿಸ್ಟ್‌ವ್ಯೂ ಆದ್ರೆ ಸುಲಭ, ಸಾಲು ಒತ್ತಿದಾಗ ಓಡೋ ಆನ್‌ಐಟಂಕ್ಲಿಕ್ ಒಳಗೆ ಪೊಸಿಷನ್, ಅಂದ್ರೆ ಎಷ್ಟನೇ ಸಾಲು ಅನ್ನೋ ನಂಬರ್, ತಾನಾಗೇ ಬರುತ್ತೆ, ಲೆಕ್ಕ 0 ಇಂದ ಶುರು. ಹೆಡರ್ (ತಲೆಬರಹದ ಸಾಲು) ಹಾಕಿದ್ರೆ ಅದೂ ಒಂದು ಸಾಲು ಅಂತ ಎಣಿಸ್ಕೊಳ್ಳುತ್ತೆ, ಅದಕ್ಕೇ ಪೇರೆಂಟ್ ಹತ್ರ, ಅಂದ್ರೆ ಲಿಸ್ಟ್‌ವ್ಯೂ ಹತ್ರಾನೇ, ಗೆಟ್‌ಐಟಂಅಟ್‌ಪೊಸಿಷನ್ ಅಂತ ಕೇಳೋದು ಸೇಫು.

ತರಲೆ ಇರೋದು ಅದ್ರ ಬದಲಿಗೆ ಬಂದ ರಿಸೈಕ್ಲರ್‌ವ್ಯೂದಲ್ಲಿ. ಐಟಂ ಕ್ಲಿಕ್ ಲಿಸನರ್ (ಒತ್ತಿದ್ದನ್ನ ಗಮನಿಸೋ ಕೋಡ್) ಅದ್ರಲ್ಲಿ ರೆಡಿ ಇರಲ್ಲ, ಹಂಗಾಗಿ ತುಂಬಾ ಜನ ಸಾಲಿಗೆ ಡೇಟಾ ತುಂಬೋ (ಬೈಂಡ್ ಮಾಡೋ) ಆನ್‌ಬೈಂಡ್‌ವ್ಯೂಹೋಲ್ಡರ್ ಒಳಗೇ ಲಿಸನರ್ ಬರೆದು ಅಲ್ಲಿ ಸಿಗೋ ಪೊಸಿಷನ್ನೇ ಹಿಡ್ಕೊಂಡು ಬಿಡ್ತಾರೆ, ಮೊದಮೊದ್ಲು ಚೆನ್ನಾಗೇ ಓಡುತ್ತೆ. ಆಮೇಲೆ ಸರಕು ಸಾಲು ತೆಗೆದು, ತೆಗೆದಿದ್ದನ್ನ ತಿಳಿಸೋ ನೋಟಿಫೈಐಟಂರಿಮೂವ್ಡ್ ಕೊಟ್ಟು ನೋಡಿ. ಕೆಳಗಿನ ಸಾಲುಗಳು ಮೇಲೆ ಸರಿಯುತ್ವೆ ಆದ್ರೆ ಮತ್ತೆ ಬೈಂಡ್ ಆಗಲ್ಲ. ರಾಶಿ ಈಗ 1, ಅದ್ರ ಲಿಸನರ್ ಮಾತ್ರ ಇನ್ನೂ 2 ಅಂತಿರುತ್ತೆ, 2ರಲ್ಲಿ ಕೂತಿರೋದು ಗೊರಬಲು! ಗೊರಬಲು ಒತ್ತಿದ್ರಂತೂ ಇಲ್ಲದ 3ನ್ನ ಹುಡ್ಕೋಕೆ ಹೋಗಿ ಆಪ್ ಕ್ರ್ಯಾಶ್.

ಅದಕ್ಕೆ ಲಿಸನರ್‌ನ ವ್ಯೂಹೋಲ್ಡರ್‌ನ (ಒಂದು ಸಾಲನ್ನ ಹಿಡ್ಕೊಂಡಿರೋ ಆಬ್ಜೆಕ್ಟ್) ಇನಿಟ್ ಒಳಗೆ ಒಂದೇ ಸಲ ಹಾಕಿ, ಪೊಸಿಷನ್ ಎಷ್ಟು ಅಂತ ಒತ್ತಿದ ಕ್ಷಣದಲ್ಲಿ ಬೈಂಡಿಂಗ್‌ಅಡಾಪ್ಟರ್‌ಪೊಸಿಷನ್ನಿಂದ ಕೇಳಿ. ಹಳೇ ಅಡಾಪ್ಟರ್‌ಪೊಸಿಷನ್ ಈಗ ಡೆಪ್ರಿಕೇಟೆಡ್, ಅಂದ್ರೆ ಇನ್ನು ಬಳಸ್ಬೇಡಿ ಅಂತ ಗುರುತು ಹಾಕಿದ್ದು, ಹಲವು ಅಡಾಪ್ಟರ್ (ಲಿಸ್ಟಿಗೆ ಡೇಟಾ ಕೊಡೋ ಭಾಗ) ಒಟ್ಟು ಸೇರಿಸೋ ಕಾನ್‌ಕ್ಯಾಟ್‌ಅಡಾಪ್ಟರ್ ಬಂದ ಮೇಲೆ ಯಾವ ಅಡಾಪ್ಟರಿನ ಲೆಕ್ಕ ಅನ್ನೋದೇ ಗೊಂದಲ ಆಗ್ತಿತ್ತು. ಬಂದ ನಂಬರ್ ನೋ_ಪೊಸಿಷನ್, ಅಂದ್ರೆ -1 ಆಗಿದ್ರೆ ಸುಮ್ನೆ ರಿಟರ್ನ್ ಆಗಿ. ಈ ಚೆಕ್ ಯಾಕೆ ಬೇಕು ಅಂತೀರಾ, ತೀರ್ಥಹಳ್ಳಿ ಹೊಸನಗರ ಕಡೆ ಗುಡ್ಡದ ಸಂದೀಲಿ ನೆಟ್ವರ್ಕ್ ಎಳೀತಿರುತ್ತೆ, ಜನ ಕಾಯದೇ ಒತ್ತುತಾನೇ ಇರ್ತಾರೆ, ಸಾಲು ಹೋಗ್ತಿರೋ ಹೊತ್ತಿಗೇ ಬೆರಳು ಬಿದ್ರೆ -1 ಬರುತ್ತೆ.

ನಂಬರ್ ಸಿಕ್ತು ಅಂತ ಅದನ್ನೇ ಮುಂದಿನ ಸ್ಕ್ರೀನಿಗೆ ಕಳಿಸ್ಬೇಡಿ ಮಾರಾಯ್ರೆ. ಗೆಟ್‌ಐಟಂ ಮಾಡಿ ಆ ನಂಬರಿನ ಐಟಂ ತಗೊಂಡು ಅದ್ರ ಐಡಿ ಕಳಿಸಿ, ಸರ್ಚ್ ಹಾಕಿ ಫಿಲ್ಟರ್ ಮಾಡಿದ್ರೂ ಐಡಿ ಬದಲಾಗಲ್ಲ.

ಆಂಡ್ರಾಯ್ಡ್‌ನ ಹೊಸ ಯುಐ ಟೂಲ್‌ಕಿಟ್ ಕಂಪೋಸ್ ಬಳಸೋರಿಗೆ ಇಷ್ಟೆಲ್ಲ ರಗಳೆ ಇಲ್ಲ, ಐಟಮ್ಸ್ ಒಳಗೆ ಐಟಮ್ಮೇ ಕೈಲಿರುತ್ತೆ, ಕ್ಲಿಕಬಲ್‌ಗೆ ಅದನ್ನೇ ಕೊಟ್ರಾಯ್ತು, ಕೀ ಜಾಗಕ್ಕೆ ಐಡಿ ಹಾಕಿ.

ಟೆಸ್ಟ್ ಮಾಡುವಾಗ ಮೇಲಿನ ಸಾಲು ಡಿಲೀಟ್ ಮಾಡಿ ಕೆಳಗಿಂದು ಒತ್ತಿ, ಟೋಸ್ಟಲ್ಲಿ (ಮಿಂಚಿ ಹೋಗೋ ಸಣ್ಣ ಮೆಸೇಜಲ್ಲಿ) ಹೆಸ್ರು ಸರಿ ಬಂತಾ ನೋಡಿ.