ಐದು ಮನೆಗಳಿಗೆ ನೆಟ್ ಫೋನ್ ಇಟ್ಟ ನನ್ನ ಅನುಭವ

ಕಾಸರಗೋಡಿನ ಬದಿಯಡ್ಕದಲ್ಲಿ ನನ್ನದು ಪಂಪ್‌ಸೆಟ್ ಮಾರುವ, ರಿಪೇರಿ ಮಾಡಿಕೊಡುವ ಅಂಗಡಿ. ಡಿಸೆಂಬರ್ ಕಳೆದು ಅಡಿಕೆ ತೋಟಕ್ಕೆ ನೀರು ಬಿಡಲು ಶುರುವಾದರೆ ಮಳೆ ಹಿಡಿಯುವವರೆಗೆ ಫೋನಿಗೆ ಬಿಡುವಿಲ್ಲ. ‘ಬೋರ್‌ವೆಲ್ ಮೋಟಾರ್ ಟ್ರಿಪ್ ಆಗ್ತಾ ಉಂಟು’, ‘ಸ್ಟಾರ್ಟರ್ ಹಿಡಿಯುವುದಿಲ್ಲ’ ಎಂದು ಕನ್ನಡ, ತುಳು, ಮಲಯಾಳದಲ್ಲಿ ಕರೆ ಬರುತ್ತಲೇ ಇರುತ್ತದೆ. ಕೇಳಿಸಿಕೊಂಡು, ಮೆಕ್ಯಾನಿಕ್ ಹೋಗಬೇಕೋ ಫೋನಿನಲ್ಲೇ ಹೇಳಿ ಮುಗಿಸಬಹುದೋ ಎಂದು ನೋಡುವವರು ಐವರು ಹೆಂಗಸರು. 2020ರ ಲಾಕ್‌ಡೌನ್‌ನಲ್ಲಿ ಅವರೆಲ್ಲ ಮನೆಯಿಂದ ಕೆಲಸ ಮಾಡಿದರು. ಬಸ್ಸು ಮತ್ತೆ ಓಡಲು ಶುರುವಾದಾಗ ಪೆರ್ಲದ ಅಕ್ಕ ಎಲ್ಲರ ಪರವಾಗಿ ಕೇಳಿದರು: ‘ಇನ್ನೂ ಹೀಗೆಯೇ ಮಾಡಿದರೆ ಆಗದಾ? ಎರಡು ಬಸ್ ಹಿಡಿದು ಬರುವ ಹೊತ್ತಿನಲ್ಲಿ ನಾಲ್ಕು ಕರೆ ಮುಗೀತದೆ.’ ನನಗೂ ಸರಿ ಕಂಡಿತು.

ಮೊದಲು ಖರ್ಚಿಲ್ಲದ ದಾರಿ ಹಿಡಿದೆವು. ಅವರವರ ಮೊಬೈಲಿನಲ್ಲೇ ಒಂದು ಕರೆಯ ಆ್ಯಪ್. ಆದರೆ ಬ್ಯಾಟರಿ ಉಳಿಸಲೆಂದು ಮೊಬೈಲ್ ಆ ಆ್ಯಪನ್ನು ಮಲಗಿಸಿಬಿಡುತ್ತಿತ್ತು. ಕರೆ ಬಂದದ್ದು ಗೊತ್ತೇ ಆಗುತ್ತಿರಲಿಲ್ಲ. ಕರೆಯ ನಡುವೆ ಸ್ವಂತ ನಂಬರಿಗೆ ಯಾರಾದರೂ ಫೋನ್ ಮಾಡಿದರೆ ಗಿರಾಕಿ ಅರ್ಧದಲ್ಲೇ ಹೋಲ್ಡ್‌ಗೆ ಹೋಗುತ್ತಿದ್ದ. ಅದೇ ಮೊಬೈಲಿನಲ್ಲಿ ಮಕ್ಕಳ ಆನ್‌ಲೈನ್ ಕ್ಲಾಸ್ ಬೇರೆ. ಕೆಲಸದ ಸಾಮಾನು ಕೊಡಬೇಕಾದವನು ನಾನು. ಅವರ ಮನೆಯ ಮೊಬೈಲನ್ನು ಅಂಗಡಿಯ ಕೆಲಸಕ್ಕೆ ಎಳೆದದ್ದು ತಪ್ಪೆಂದು ಆಗ ತೋರಿತು.

ಹಾಗೆ ಮೇಜಿನ ಮೇಲೆ ಇಡುವ ಐಪಿ ಫೋನ್, ಅಂದರೆ ನೆಟ್ ಮೂಲಕ ಕರೆ ಮಾಡುವ ಫೋನ್, ತರುವುದೆಂದಾಯಿತು. ಆನ್‌ಲೈನಿನಲ್ಲಿ ಕಡಿಮೆ ಬೆಲೆಗೆ ಸಿಕ್ಕಿತೆಂದು ಒಂದೇ ಮಾದರಿಯ ಐದು ಫೋನ್ ತರಿಸಿದೆ. ಪೆಟ್ಟಿಗೆ ಬಿಚ್ಚಿದರೆ ರಿಸೀವರ್ ಉಂಟು, ಸುರುಳಿ ವಯರ್ ಉಂಟು, ಸ್ಟ್ಯಾಂಡ್ ಉಂಟು, ಅಡಾಪ್ಟರ್ ಮಾತ್ರ ಇಲ್ಲ. ಅವು ಪಿಒಇ ಫೋನ್‌ಗಳು, ಅಂದರೆ ನೆಟ್ ಬರುವ ಲ್ಯಾನ್ ವಯರಿನಲ್ಲೇ ಕರೆಂಟನ್ನೂ ತೆಗೆದುಕೊಳ್ಳುವಂಥವು. ದೊಡ್ಡ ಕಚೇರಿಗಳಲ್ಲಿ ಅದಕ್ಕೆಂದೇ 48 ವೋಲ್ಟ್ ಕೊಡುವ ಸ್ವಿಚ್ ಇರುತ್ತದೆ. ನಮ್ಮ ಊರಿನ ಮನೆಗಳ ವೈಫೈ ಮೋಡೆಮ್ ಅದನ್ನು ಕೊಡುವುದಿಲ್ಲ. ಐದಕ್ಕೂ ಬೇರೆಯಾಗಿ ಅಡಾಪ್ಟರ್ ತರಿಸುವ ಹೊತ್ತಿಗೆ ಖರ್ಚು, ಅಡಾಪ್ಟರ್ ಸಮೇತ ಬರುವ ಫೋನಿನ ಬೆಲೆಯನ್ನು ದಾಟಿತ್ತು. ಮನೆಗೆ ಕೊಳ್ಳುವವರು ಮಾದರಿಯ ಹೆಸರಿನ ಕೊನೆಯ ಅಕ್ಷರವನ್ನೂ ನೋಡಬೇಕು. ಗ್ರ್ಯಾಂಡ್‌ಸ್ಟ್ರೀಮ್ ಕಂಪನಿಯ ಜಿಆರ್‌ಪಿ 2601ರಲ್ಲಿ ಪಿಒಇ ಇಲ್ಲ, 2601ಪಿ ಎಂದರೆ ಪಿಒಇ ಇರುವುದು, 2601ಡಬ್ಲ್ಯು ಎಂದರೆ ವೈಫೈ ಇರುವುದು.

ಆ ಪೆಟ್ಟು ತಿಂದ ಮೇಲೆ ಬೈಕ್ ಹತ್ತಿ ಐದೂ ಮನೆಗೆ ಹೋದೆ. ಮೊದಲೇ ಮಾಡಬೇಕಾಗಿದ್ದ ಕೆಲಸ.

ಪೆರ್ಲದ ಮನೆಯಲ್ಲಿ ಮೋಡೆಮ್ ಚಾವಡಿಯಲ್ಲಿತ್ತು, ಅಕ್ಕ ಕೆಲಸಕ್ಕೆ ಕೂರುವುದು ಒಳಗಿನ ಕೋಣೆಯಲ್ಲಿ. ನಡುವೆ ಎರಡು ಮುರಕಲ್ಲಿನ ಗೋಡೆ. ಕೋಣೆಯಲ್ಲಿ ಮೊಬೈಲ್ ಹಿಡಿದರೆ ವೈಫೈ ಒಂದೇ ಗೆರೆ. ವಾಟ್ಸ್ಯಾಪ್ ಫೋಟೊಗೆ ಅಷ್ಟು ಸಾಕು, ತಡವಾಗಿಯಾದರೂ ಬರುತ್ತದೆ. ಮಾತಿಗೆ ಹಾಗಲ್ಲ, ತಡವಾಗಿ ಬಂದ ತುಣುಕನ್ನು ಫೋನ್ ಬಿಸಾಡುತ್ತದೆ, ಗಿರಾಕಿಗೆ ‘ಸ್ಟಾ...ರ್...ಫ್’ ಎಂದಷ್ಟೇ ಕೇಳುತ್ತದೆ. ಅಲ್ಲಿ ಕಿಟಕಿಯ ಮೂಲೆಯಿಂದ ಲ್ಯಾನ್ ವಯರ್ ನುಗ್ಗಿಸಿ, ದಾರಂದದ ಅಂಚಿಗೆ ಬಿಳಿ ಕೇಸಿಂಗ್ ಹೊಡೆದು ಕೋಣೆಗೆ ತಂದೆವು. ಇಪ್ಪತ್ತು ಮೀಟರ್ ಸಾಕಾಯಿತು. ಬಾಯಾರಿನ ಮನೆಯಲ್ಲಿ ಹೊಸ ಟೈಲ್ಸ್, ಹೊಸ ಪೇಂಟ್. ವಯರ್ ಎಳೆಯಲು ಮನೆಯವರಿಗೆ ಮನಸ್ಸಿರಲಿಲ್ಲ. ಮೋಡೆಮ್ ಅದೇ ಕೋಣೆಯ ಹೊರಗೆ ಇದ್ದುದರಿಂದ ಅಲ್ಲಿಗೆ ವೈಫೈ ಇರುವ ಫೋನೇ ಆಯಿತು.

ನೀರ್ಚಾಲಿನ ಮನೆಯಲ್ಲಿ ಹಳೆಯ ಲ್ಯಾಂಡ್‌ಲೈನ್ ಫೋನ್ ಬಟ್ಟೆ ಹೊದ್ದು ಕೂತಿತ್ತು. ರಿಸೀವರ್ ಕೈಯಲ್ಲಿ ಹಿಡಿದರೆ ಒಳ್ಳೆಯ ತೂಕ, ಗುಂಡಿ ಒಂದೂ ಹಾಳಾಗಿರಲಿಲ್ಲ. ಅದಕ್ಕೆ ಎಚ್‌ಟಿ 801 ಎಂಬ ಅಂಗೈಯಗಲದ ಪೆಟ್ಟಿಗೆ ತಂದೆ. ಒಂದು ಕಡೆ ಲ್ಯಾನ್ ವಯರ್, ಇನ್ನೊಂದು ಕಡೆ ಹಳೆಯ ಫೋನಿನ ವಯರ್. ಕೂಡಲೇ ಡಯಲ್ ಟೋನ್ ಬಂತು. ಕರೆ ಮಾಡಿದವರ ನಂಬರ್ ಮಾತ್ರ ಕಾಣುತ್ತಿರಲಿಲ್ಲ. ಸೆಟ್ಟಿಂಗ್‌ನಲ್ಲಿ ಕಾಲರ್ ಐಡಿಯ ಬಗೆಯನ್ನು ಡಿಟಿಎಂಎಫ್‌ಗೆ (ಗುಂಡಿ ಒತ್ತಿದಾಗ ಬರುವಂಥ ದನಿಯಲ್ಲಿ ನಂಬರ್ ಕಳಿಸುವ ಬಗೆ) ಬದಲಿಸಿದ ಮೇಲೆ ಅದೂ ಬಂತು. ಮನೆಯಲ್ಲಿ ಒಳ್ಳೆಯ ಹಳೆಯ ಫೋನ್ ಇದ್ದವರಿಗೆ ನಾನು ಈಗಲೂ ಮೊದಲು ಹೇಳುವುದು ಇದನ್ನೇ.

ಅತಿ ಹೆಚ್ಚು ತಲೆ ತಿಂದದ್ದು ಪೈವಳಿಕೆಯ ಮನೆ. ಫೋನ್ ರಿಂಗ್ ಆಗುತ್ತದೆ, ಅಲ್ಲಿ ಕೆಲಸ ಮಾಡುವವಳು ಎತ್ತುತ್ತಾಳೆ, ಗಿರಾಕಿಯ ಮಾತು ಕೇಳುತ್ತದೆ. ‘ಅಣ್ಣ, ಅವರು ಹಲೋ ಹಲೋ ಅಂತ ಹೇಳುವುದು ನನಗೆ ಕೇಳ್ತದೆ, ನಾನು ಹೇಳುವುದು ಅವರಿಗೆ ಕೇಳುವುದೇ ಇಲ್ಲ’ ಎಂದು ಅವಳು ಅಳು ಬರುವ ದನಿಯಲ್ಲಿ ಹೇಳಿದಳು. ಎದುರಿನವರು ಸಿಟ್ಟಿನಿಂದ ಇಡುತ್ತಿದ್ದರು. ಫೋನ್ ಕೆಟ್ಟಿರಬೇಕೆಂದು ಬದಲಿಸಿದೆ, ಅದೇ ಕಥೆ. ಆಮೇಲೆ ಯಾರದೋ ಮಾತು ಕೇಳಿ ಮೋಡೆಮ್‌ನಲ್ಲಿ 5060ನೆಯ ಪೋರ್ಟನ್ನು, ಅಂದರೆ ಕರೆಯ ಸಂದೇಶ ಬರುವ ಬಾಗಿಲನ್ನು, ಹೊರಗಿನಿಂದ ನೇರವಾಗಿ ಫೋನಿಗೆ ತೆರೆದೆ. ಮಾತು ಸರಿಯಾಗಲಿಲ್ಲ, ಮೂರನೆಯ ರಾತ್ರಿ ಎರಡು ಗಂಟೆಗೆ ಫೋನ್ ಬಡಿಯತೊಡಗಿತು. ಪರದೆಯಲ್ಲಿ 1001 ಎಂಬ ನಂಬರ್, ಎತ್ತಿದರೆ ಯಾರೂ ಇಲ್ಲ. ಹುಷಾರಿಲ್ಲದ ಅವಳ ತಂದೆ ಎದ್ದು ಕೂತು, ಮಂಗಳೂರಿನಲ್ಲಿದ್ದ ಮಗನಿಗೆ ಏನಾಯಿತೋ ಎಂದು ಹೆದರಿದ್ದರಂತೆ. ಬೆಳಿಗ್ಗೆ ಅದನ್ನು ಕೇಳಿ ನನಗೆ ತುಂಬಾ ಬೇಸರವಾಯಿತು. ಅದು ಯಾರ ಕರೆಯೂ ಆಗಿರಲಿಲ್ಲ. ಇಂಟರ್‌ನೆಟ್ಟಿನಲ್ಲಿ ತೆರೆದ ಫೋನ್‌ಗಳನ್ನು ಹುಡುಕುತ್ತ ತಿರುಗುವ ಯಂತ್ರಗಳು ತಟ್ಟಿ ನೋಡುವುದು ಹಾಗೆ. ಅಂಥವರ ಕೈಗೆ ಪಾಸ್‌ವರ್ಡ್ ಸಿಕ್ಕಿದರೆ ನಮ್ಮ ದುಡ್ಡಿನಲ್ಲಿ ಹೊರದೇಶಕ್ಕೆ ಕರೆ ಹೋಗುತ್ತದೆ.

ಪೋರ್ಟ್ ಮುಚ್ಚಿದೆ. ನಮ್ಮ ಕರೆಗಳನ್ನು ಹಂಚುವ ಸರ್ವರ್‌ನಿಂದ ಬರುವ ಕರೆಯನ್ನು ಮಾತ್ರ ಒಪ್ಪಬೇಕೆಂಬ ಆಯ್ಕೆ ಫೋನಿನಲ್ಲೇ ಇತ್ತು, ಅದನ್ನು ಹಾಕಿದೆ. ಕಂಪನಿ ಕೊಟ್ಟ ಅಡ್ಮಿನ್ ಪಾಸ್‌ವರ್ಡನ್ನು ಎಲ್ಲ ಫೋನಿನಲ್ಲೂ ಬದಲಿಸಿದೆ. ಮಾತು ಕೇಳದ ನಿಜವಾದ ಕಾರಣ ಮೋಡೆಮ್‌ನ ‘ಸಿಪ್ ಎಎಲ್‌ಜಿ’ ಎಂಬ ಒಂದು ಟಿಕ್. ಕರೆಗೆ ಸಹಾಯ ಮಾಡಲೆಂದು ಅದು ಸಂದೇಶದೊಳಗಿನ ವಿಳಾಸವನ್ನು ತಿದ್ದುತ್ತದೆ. ತಿದ್ದುವಾಗ ತಪ್ಪಿದರೆ ಒಂದು ಕಡೆಯ ದನಿ ಎಲ್ಲಿಗೋ ಹೋಗುತ್ತದೆ. ಟಿಕ್ ತೆಗೆದು ಮೋಡೆಮ್ ಆಫ್ ಮಾಡಿ ಹಾಕಿದೆ. ಅವಳು ನನಗೇ ಕರೆ ಮಾಡಿದಳು: ‘ಅಣ್ಣ, ಕೇಳ್ತದಾ?’ ಕೇಳಿತು. ಸ್ವಲ್ಪ ಹೊತ್ತು ಸುಮ್ಮನೆ ಬಿಟ್ಟರೆ ಫೋನ್ ರಿಂಗ್ ಆಗದೆ ಹೋಗುವ ಇನ್ನೊಂದು ತೊಂದರೆಯೂ ಇತ್ತು. ಸಂಪರ್ಕ ಮುಚ್ಚದಂತೆ ಫೋನ್ ಆಗಾಗ ಕಳಿಸುವ ಕೀಪ್ ಅಲೈವ್ ಎಂಬ ಸಣ್ಣ ಸಂದೇಶವನ್ನು 20 ಸೆಕೆಂಡಿಗೆ ಇಟ್ಟ ಮೇಲೆ ನಿಂತಿತು.

ನೆಟ್ಟಿನ ವೇಗದ ಬಗ್ಗೆ ಎಲ್ಲರೂ ಕೇಳುತ್ತಾರೆ, ಅದು ಸಣ್ಣ ವಿಷಯ. ಸಾಮಾನ್ಯವಾದ ಜಿ 711 ಕೋಡೆಕ್‌ನಲ್ಲಿ (ದನಿಯನ್ನು ಡಾಟಾ ಮಾಡುವ ಒಂದು ಬಗೆ) ಒಂದು ಕರೆಗೆ ಹೋಗಲು ಸುಮಾರು 90 ಕೆಬಿಪಿಎಸ್, ಬರಲು ಅಷ್ಟೇ. ಒಂದು ಗಂಟೆ ಮಾತಾಡಿದರೆ 80 ಎಂಬಿಯ ಆಸುಪಾಸು. ಎಚ್‌ಡಿ ದನಿ ಎಂದು ಹೆಚ್ಚು ಕೊಡಬೇಡಿ. ಹೊರಗಿನ ಗಿರಾಕಿಯ ಕರೆ ನಮ್ಮಲ್ಲಿಗೆ ಮಾಮೂಲಿ ಫೋನಿನ ದನಿಯಲ್ಲೇ ಬರುತ್ತಿತ್ತು. ನಾವು ನಾವೇ ಮಾತಾಡುವಾಗ ಮಾತ್ರ ಎಚ್‌ಡಿ. ಆ ದುಡ್ಡನ್ನು ನಾನು ಹೆಡ್‌ಸೆಟ್‌ಗೆ ಹಾಕಿದೆ. ಇಡೀ ದಿನ ರಿಸೀವರನ್ನು ಹೆಗಲಿಗೆ ಒತ್ತಿಕೊಂಡು ದೂರು ಬರೆಯುವವರ ಕುತ್ತಿಗೆ ಏನಾಗಬೇಡ? ಫೋನಿನಲ್ಲಿ ಹೆಡ್‌ಸೆಟ್‌ಗೆ ಬೇರೆಯೇ ತೂತು ಇರಲೇಬೇಕೆಂದು ನಾನು ಹಟ ಹಿಡಿದೆ.

ಕರೆಂಟಿನದು ನಮ್ಮ ಕಡೆ ದೊಡ್ಡ ಪಾಠ. ಮಳೆಗಾಲದಲ್ಲಿ ಒಂದು ಗೆಲ್ಲು ಬಿದ್ದರೆ ಸಾಕು. 5 ವೋಲ್ಟ್, 0.6 ಆಂಪ್ ಅಡಾಪ್ಟರಿನ ಫೋನ್ ಹೆಚ್ಚೆಂದರೆ 3 ವ್ಯಾಟ್ ತಿನ್ನುತ್ತದೆ, 12 ವೋಲ್ಟ್ 1 ಆಂಪ್ ಮೋಡೆಮ್ 12 ವ್ಯಾಟ್. ಇನ್ವರ್ಟರ್ ಇಲ್ಲದ ಎರಡು ಮನೆಗೆ ಮೋಡೆಮ್‌ಗೆಂದೇ ಬರುವ ಚಿಕ್ಕ ಡಿಸಿ ಯುಪಿಎಸ್ ತಂದೆ. 12 ವೋಲ್ಟಿನ ಜೊತೆ 5 ವೋಲ್ಟೂ ಕೊಡುವುದನ್ನು ಆರಿಸಿದ್ದರಿಂದ ಫೋನೂ ಅದರಲ್ಲೇ ನಿಂತಿತು. ಸಿಡಿಲಿಗೆ ಮಾತ್ರ ಯಾವ ಯುಪಿಎಸ್ಸೂ ಸಾಲದು. ಒಂದು ಅಕ್ಟೋಬರ್ ಸಂಜೆ ನೀರ್ಚಾಲಿನಲ್ಲಿ ಮೋಡೆಮ್, ಆ ಪುಟ್ಟ ಪೆಟ್ಟಿಗೆ ಎರಡೂ ಸುಟ್ಟವು. ಫೈಬರ್‌ನ ಗಾಜಿನೆಳೆಯಲ್ಲಿ ಕರೆಂಟ್ ಹರಿಯದು, ಕರೆಂಟ್ ಲೈನಿನಲ್ಲಿ ಬಂದದ್ದನ್ನು ಯಾರು ತಡೆಯುತ್ತಾರೆ? ಗುಡುಗು ಕೇಳಿದರೆ ಪ್ಲಗ್ ಕಿತ್ತು ಲ್ಯಾನ್ ವಯರನ್ನೂ ತೆಗೆಯಿರಿ, ಕರೆ ತಪ್ಪಿದರೆ ತಪ್ಪಲಿ ಎಂದು ಎಲ್ಲರಿಗೂ ಹೇಳಿದ್ದೇನೆ.

ನಂಬರನ್ನು ಪರವಾನಗಿ ಇರುವ ಸೇವಾದಾರರಿಂದಲೇ ಪಡೆದೆ. ಸಿಮ್‌ಗಳನ್ನು ತುಂಬಿಸಿ ನೆಟ್ ಕರೆಯನ್ನು ಮೊಬೈಲ್ ಕರೆಯಾಗಿ ಬದಲಿಸುವ ಪೆಟ್ಟಿಗೆ ಇಟ್ಟರೆ ಅಗ್ಗವಾಗುತ್ತದೆಂದು ಒಬ್ಬರು ಹೇಳಿದ್ದರು. ಅನಧಿಕೃತ ಎಕ್ಸ್‌ಚೇಂಜ್ ಎಂಬ ಕೇಸಿಗೆ ದಾರಿ ಅದು, ಬೇಡವೆಂದೆ. 2020ರ ನವೆಂಬರ್‌ನಲ್ಲಿ ದೂರಸಂಪರ್ಕ ಇಲಾಖೆ ಕಾಲ್ ಸೆಂಟರ್‌ನಂಥ ಕೆಲಸಗಳ ನಿಯಮ ಸಡಿಲಿಸಿ ಮನೆಯಿಂದ ಕೆಲಸ ಮಾಡುವುದನ್ನು ಸುಲಭ ಮಾಡಿತು. ಸರಿದಾರಿಯೇ ಇರುವಾಗ ಕಳ್ಳದಾರಿ ಯಾಕೆ?

ಮುಳ್ಳೇರಿಯದ ಮನೆಗೆ ಇನ್ನೂ ಫೈಬರ್ ಮುಟ್ಟಿಲ್ಲ. ಅಲ್ಲಿ ಅಂಗಡಿಯದೇ ಒಂದು ಮೊಬೈಲ್, ಅಂಗಡಿಯದೇ ಸಿಮ್, ಡಾಟಾ ಕಡಿಮೆ ತಿನ್ನುವ ಜಿ 729 ಕೋಡೆಕ್‌ನಲ್ಲಿ ಕರೆಯ ಆ್ಯಪ್. ಬ್ಯಾಟರಿ ಉಳಿಸುವ ಸೆಟ್ಟಿಂಗ್‌ನಿಂದ ಆ ಆ್ಯಪನ್ನು ಹೊರಗಿಟ್ಟಿದ್ದೇನೆ. ಮೊದಲು ತರಿಸಿದ ಐದರಲ್ಲಿ ಒಂದು ಫೋನನ್ನು ಅಡಾಪ್ಟರ್ ಸಮೇತ ಅವರ ಹೆಸರು ಬರೆದು ಕಪಾಟಿನಲ್ಲಿ ಇಟ್ಟಿದ್ದೇನೆ. ಕೇಬಲಿನವರು ಕಂಬ ಹಾಕಿದ ದಿನ ಕೊಂಡುಹೋಗಬೇಕು.