ಪ್ಲೇಯರ್‌ಗಿಂತ ಮೊದಲು ಮುಳ್ಳು

ರೆಕಾರ್ಡ್ ಪ್ಲೇಯರ್ ಕೊಳ್ಳಲು ಅಂಗಡಿಗೆ ಹೋಗುವ ಮುಂಚೆ ಕಪಾಟಿನ ಹಾಡಿನ ತಟ್ಟೆಗಳನ್ನು ನಿಮಿಷಕ್ಕೆ ಎಷ್ಟು ಸುತ್ತು ಎಂಬ ಲೆಕ್ಕದಲ್ಲಿ ವಿಂಗಡಿಸಿಕೊಂಡೆ: 33⅓ರ ಎಲ್‌ಪಿ, 45ರ ಇಪಿ, ಒಂದಿಷ್ಟು 78ರ ಅರಗಿನ ತಟ್ಟೆ. ಈ ಮೂರನೆಯದು ಇದ್ದರೆ ಲೆಕ್ಕವೇ ಬೇರೆ. ಎಲ್‌ಪಿ ಮುಳ್ಳಿನ ತುದಿಯ ತ್ರಿಜ್ಯ ಸುಮಾರು 18 ಮೈಕ್ರಾನ್, 78ರ ಗೆರೆಗೆ 75ರ ಹತ್ತಿರ ಬೇಕು. ಸಣ್ಣ ಮುಳ್ಳು ಇಟ್ಟರೆ ಗೆರೆಯ ಗೋಡೆಗೆ ಸರಿಯಾಗಿ ತಾಗದೆ ತಳದ ಕಸದಲ್ಲಿ ಹೊರಳುತ್ತದೆ. ಹಾಡಿಗಿಂತ ಕರಕರ ಸದ್ದೇ ಜಾಸ್ತಿ.

ಹಾಗಾಗಿ ಮೊದಲು ಆರಿಸಿದ್ದು ಕಾರ್ಟ್ರಿಜ್, ಅಂದರೆ ತೋಳಿನ ತುದಿಯಲ್ಲಿ ಮುಳ್ಳನ್ನು ಹಿಡಿದು ಅದರ ಕಂಪನವನ್ನು ವಿದ್ಯುತ್ ಮಾಡುವ ಭಾಗ: ಆಡಿಯೋ-ಟೆಕ್ನಿಕಾದ ವಿಎಂ95ಇ. ಅದಕ್ಕೇ 78ರ ಎಸ್‌ಪಿ ಮುಳ್ಳನ್ನೂ ಸಿಕ್ಕಿಸಬಹುದು. ಅದರ ಜೊತೆಗೇ ಬರುವ ಎಲ್‌ಪಿಯ ಇ ಮುಳ್ಳು ತಟ್ಟೆಯ ಮೇಲೆ 2 ಗ್ರಾಂ ಭಾರ ಒತ್ತಬೇಕು, ಎಸ್‌ಪಿ 5 ಗ್ರಾಂ. ಅಂದಮೇಲೆ ತೋಳಿನ ಹಿಂದೆ ತಿರುಗಿಸುವ ತೂಕವೂ 78ರ ವೇಗವೂ ಇರುವ ಪ್ಲೇಯರೇ ಆಗಬೇಕು. ಅಗ್ಗದ ಸೂಟ್‌ಕೇಸ್ ಪ್ಲೇಯರ್‌ಗಳಲ್ಲಿ ಸಾಮಾನ್ಯವಾಗಿ ಭಾರ ಹೊಂದಿಸಲು ಬರುವುದಿಲ್ಲ, ಎಲ್‌ಪಿಯ ಮೇಲೂ ಐದಾರು ಗ್ರಾಂ ಒತ್ತುತ್ತವೆ. ಮತ್ತೆ ಸಿಗದ ತಟ್ಟೆಯನ್ನು ಅದರಡಿ ಇಡಲು ನನಗೆ ಮನಸ್ಸು ಬರುವುದಿಲ್ಲ.

ಅಮೆರಿಕದಿಂದ ಬಂದ ಸೆಕೆಂಡ್‌ಹ್ಯಾಂಡ್ ಬೆಲ್ಟ್ ಪ್ಲೇಯರ್ ಆದರೆ ಮೋಟಾರ್ ಯಾವುದೆಂದು ನೋಡಿ. ಎಸಿ ಸಿಂಕ್ರೊನಸ್ ಮೋಟಾರ್ ಕರೆಂಟಿನ ಹರ್ಟ್ಸ್‌ಗೆ ತಕ್ಕಂತೆ ತಿರುಗುತ್ತದೆ. ಟ್ರಾನ್ಸ್‌ಫಾರ್ಮರ್ ಹಾಕಿದರೆ ವೋಲ್ಟೇಜ್ ಸರಿಹೋಗುತ್ತದೆ, ಹರ್ಟ್ಸ್ ಬದಲಾಗುವುದಿಲ್ಲ. ಅಲ್ಲಿಯ 60 ಹರ್ಟ್ಸ್‌ನ ಪುಲ್ಲಿ ಇಲ್ಲಿಯ 50ರಲ್ಲಿ 33⅓ರ ಬದಲು 27.8 ಸುತ್ತಷ್ಟೇ ತಿರುಗಿಸುತ್ತದೆ. ಐದೂವರೆ ಮನೆ ಶ್ರುತಿಯಲ್ಲಿ ಹಾಡಿದ ಕೀರ್ತನೆ ನಾಲ್ಕು ಮನೆಗೆ ಇಳಿಯುತ್ತದೆ, ಗಾಯಕಿಯ ದನಿಯೇ ಗುರುತು ಸಿಗುವುದಿಲ್ಲ. 50 ಹರ್ಟ್ಸ್‌ನ ಪುಲ್ಲಿ ಸಿಗದಿದ್ದರೆ ಅದನ್ನು ಬಿಡುವುದೇ ವಾಸಿ.

ಭಾರ ಕೂರಿಸುವಾಗ, ತೋಳು ತಟ್ಟೆಯ ನಡುವಿನತ್ತ ಜಾರದಂತೆ ತಡೆಯುವ ಆಂಟಿ-ಸ್ಕೇಟ್ ಸೊನ್ನೆಗೆ ತಂದು, ಮುಳ್ಳಿನ ಮುಚ್ಚಳ ತೆಗೆದು, ತೋಳು ಮೇಲೂ ಏಳದೆ ಕೆಳಗೂ ಬಾಗದೆ ಗಾಳಿಯಲ್ಲಿ ಮಟ್ಟವಾಗಿ ನಿಲ್ಲುವವರೆಗೆ ತೂಕ ತಿರುಗಿಸುತ್ತೇನೆ. ಆಮೇಲೆ ತೂಕವನ್ನು ಅಲುಗಿಸದೆ ಅದರ ಮುಂದಿನ ಅಂಕಿಬಳೆಯನ್ನಷ್ಟೇ ಸೊನ್ನೆಗೆ ತಂದು, ಎರಡನ್ನೂ ಸೇರಿಸಿ 2ಕ್ಕೆ ತಿರುಗಿಸುವುದು. ಅಂಕಿಬಳೆಯನ್ನೇ ನಂಬದೆ ಪುಟ್ಟ ಡಿಜಿಟಲ್ ತಕ್ಕಡಿಯಲ್ಲೂ ನೋಡುತ್ತೇನೆ. ಭಾರ ಕಮ್ಮಿಯಾದರೆ ತಟ್ಟೆ ಉಳಿಯುತ್ತದೆ ಅಂದುಕೊಳ್ಳಬೇಡಿ: ಜೋರು ಸ್ವರ ಬಂದಾಗ ಮುಳ್ಳು ಗೆರೆಯಲ್ಲಿ ಕುಣಿದು ಗೋಡೆಯನ್ನೇ ಕೆಡಿಸುತ್ತದೆ. ಕೊನೆಗೆ ಆಂಟಿ-ಸ್ಕೇಟನ್ನೂ 2ಕ್ಕೆ ಇಡುತ್ತೇನೆ. ಎಸ್‌ಪಿ ಮುಳ್ಳು ಹಾಕಿದಾಗಲೆಲ್ಲ ಇಷ್ಟನ್ನೂ ಮತ್ತೆ ಮಾಡಬೇಕು.

ಕಾರ್ಟ್ರಿಜ್‌ನಿಂದ ಬರುವುದು ಬರೀ 4 ಮಿಲಿವೋಲ್ಟ್. ಆಂಪ್ಲಿಫೈಯರ್‌ನ ಆಕ್ಸ್ ಎಂಬ ಸಾಮಾನ್ಯ ಇನ್‌ಪುಟ್‌ಗೆ ನೇರ ಸಿಕ್ಕಿಸಿದರೆ ಮೃದಂಗದ ಎಡಭಾಗ ಕೇಳಿಸುವುದೇ ಇಲ್ಲ, ಏಕೆಂದರೆ ಎಲ್‌ಪಿ ಕೊರೆಯುವಾಗ ತಗ್ಗು ಸ್ವರ ಇಳಿಸಿ ಮೇಲಿನದನ್ನು ಏರಿಸಿರುತ್ತಾರೆ. ಅದನ್ನು ಸರಿದೂಗಿಸಲು ಫೋನೋ ಪ್ರೀಆಂಪ್ ಬೇಕೇ ಬೇಕು. ಗುಂಯ್ ಎಂಬ ಸದ್ದು ನಿಲ್ಲದಿದ್ದರೆ, ಪ್ಲೇಯರ್‌ನ ಹಿಂದೆ ಬೇರೆಯಾಗಿ ಇಳಿಬಿದ್ದ ತೆಳು ಅರ್ತ್ ತಂತಿಯನ್ನು ಪ್ರೀಆಂಪ್‌ನ ಸ್ಕ್ರೂಗೆ ಬಿಗಿದು ನೋಡಿ.